ಹನ್ನೊಂದು ಉತ್ತರ ಪತ್ರಿಕೆಗಳಲ್ಲಿ ದ್ಯಾಮಮ್ಮನ ಗಂಡ

ಭದ್ರಾವತಿಯ ಹಳೇನಗರದ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ದ್ಯಾಮಮ್ಮ ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಆರು ಸಲ ಫೇಲಾದವಳು. ಇದನ್ನು ಬೇರೆಯವರು ಪಿಸುಗುಟ್ಟಬೇಕಾದ ಅಗತ್ಯವೇ ಇರಲಿಲ್ಲ, ಅವಳೇ ಬೀದಿಯುದ್ದಕ್ಕೂ ಹೇಳಿಕೊಂಡು ತಿರುಗುತ್ತಿದ್ದಳು. "ಉಳಿದ ಐದು ಸಬ್ಜೆಕ್ಟು ಒಂದೇ ಏಟಿಗೆ ಹೊಡ್ದಿದೀನಿ ಕಣ್ರೀ. ಈ ಇಂಗ್ಲಿಷೊಂದು ನನ್ನ ಕಂಡ್ರೆ ಹೆದರ್ಕೊಂಡು ಓಡೋಗುತ್ತೆ, ಕೈಗೇ ಸಿಗಲ್ಲ" ಎನ್ನುವಳು. ಫೇಲಾದವರು ತಲೆ ತಗ್ಗಿಸಿ ನಡೆಯಬೇಕೆಂಬ ಕಾನೂನು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಅವಳು ಪಾಲಿಸುವ ಪೈಕಿಯಲ್ಲ.

ಹದಿನೆಂಟು ವರ್ಷದಿಂದ ಅವಳು ಅದೇ ಅಂಗನವಾಡಿಯಲ್ಲಿ ದುಡಿಯುತ್ತಿದ್ದಳು. ಬೆಳಿಗ್ಗೆ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಹಿಟ್ಟು ಕುದಿಸುವುದು, ಮೂಗು ಒರೆಸುವುದು, ಚಡ್ಡಿ ಒದ್ದೆ ಮಾಡಿಕೊಂಡವರನ್ನು ತೊಳೆಯುವುದು ಅವಳ ಕೆಲಸ. ಕಾರ್ಯಕರ್ತೆ ವೀರಮ್ಮನವರಿಗೆ ಮಂಡಿನೋವು ಶುರುವಾದ ಮೇಲೆ ಹಾಡು ಹೇಳಿಸುವುದು, ತೂಕ ನೋಡುವುದು, ಬಸುರಿ ಹೆಂಗಸರನ್ನು ವಿಚಾರಿಸುವುದೂ ಅವಳ ತಲೆಗೇ ಬಂದಿತ್ತು. ಮಾಡುವುದೆಲ್ಲ ಕಾರ್ಯಕರ್ತೆಯ ಕೆಲಸ, ಆದರೆ ರಿಜಿಸ್ಟರಿಗೆ ಸಹಿ ಹಾಕುವ ಹಕ್ಕಿಲ್ಲ. ಸಹಿಗೆ ಎಸ್ಸೆಸ್ಸೆಲ್ಸಿ ಬೇಕು.

2002ರಲ್ಲಿ ವೀರಮ್ಮ ಕೆಲಸ ಬಿಡುವುದು ಖಾಯಂ ಆಯಿತು. ಆ ಜಾಗಕ್ಕೆ ಅದೇ ಕೇಂದ್ರದ ಸಹಾಯಕಿಗೆ ಮೊದಲ ಅವಕಾಶ, ಆದರೆ ಜೂನ್ ಹದಿನೈದರೊಳಗೆ ಅರ್ಜಿಯ ಜೊತೆ ಪಾಸಾದ ಅಂಕಪಟ್ಟಿ ಇರಬೇಕು ಎಂದು ಮೇಲ್ವಿಚಾರಕಿ ಬಂದು ಹೇಳಿಹೋದಳು. ಇಲ್ಲವಾದರೆ ಹೊರಗಿನಿಂದ ಯಾರೋ ಬರುತ್ತಾರೆ. ದ್ಯಾಮಮ್ಮನಿಗೆ ಆಗ ನಲವತ್ತನಾಲ್ಕು. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತದೆ. ಅಂದರೆ ಏಳನೆಯ ಸಲದ ಈ ಪರೀಕ್ಷೆಯೇ ಕೊನೆಯದು.

"ಆಯ್ತು ಬಿಡಿ, ಈ ಸಲ ಪಾಸಾಗ್ತೀನಿ" ಎಂದಳು ದ್ಯಾಮಮ್ಮ, ನಾಳೆ ಸಂತೆಗೆ ಹೋಗಿಬರುತ್ತೇನೆ ಎನ್ನುವಷ್ಟು ಸಲೀಸಾಗಿ. ಮೇಲ್ವಿಚಾರಕಿ ನಕ್ಕಳು. ನಗಲಿ, ಹಲ್ಲು ಅವಳದು.

ಅವಳ ಈ ಧೈರ್ಯಕ್ಕೆ ಕಾರಣವಿಲ್ಲದಿರಲಿಲ್ಲ. ಶಿವಮೊಗ್ಗದ ಕೋಟೆಯಲ್ಲಿ ವಿಶ್ವಾರಾಧ್ಯ ಮೇಷ್ಟ್ರು ಎಂಬ ನಿವೃತ್ತ ಹೈಸ್ಕೂಲ್ ಮಾಸ್ತರರು ತಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಪ್ರತಿ ಭಾನುವಾರ ಬಿಟ್ಟಿಯಾಗಿ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಸೇರಿಸಿಕೊಳ್ಳುವುದಕ್ಕೆ ಒಂದೇ ಷರತ್ತು, ಕಡೇಪಕ್ಷ ಎರಡು ಸಲ ಫೇಲಾಗಿರಬೇಕು. ದ್ಯಾಮಮ್ಮ ಆರು ಎಂದಾಗ ಮೇಷ್ಟ್ರು ಮುಂದಿನ ಚಾಪೆಯಲ್ಲೇ ಜಾಗ ಕೊಟ್ಟರು. ಆ ವರ್ಷ ಅಲ್ಲಿ ಹನ್ನೊಂದು ಜನರಿದ್ದರು. ಗಾಂಧಿ ಬಜಾರಿನ ಸಗಟು ಅಂಗಡಿಗಳಲ್ಲಿ ಮೂಟೆ ಹೊರುವ ಹುಲಿಯಪ್ಪ, ಹೊಳೆಹೊನ್ನೂರಿನಿಂದ ಬಂದು ಟೈಲರ್ ಅಂಗಡಿಯಲ್ಲಿ ಕೂರುವ ಮಧುಶ್ರೀ, ಹೀಗೆ ಎಲ್ಲ ದುಡಿಯುವ ಮಂದಿ.

ಮೇಷ್ಟ್ರಿಗೆ ಗೈಡುಗಳೆಂದರೆ ಮೈಯೆಲ್ಲ ಉರಿ. ಒಂದೇ ಥರ ಉಚ್ಚರಿಸಿ ಬೇರೆ ಬೇರೆ ಥರ ಬರೆಯುವ ಪದಗಳ ಜೋಡಿ ಕೊಟ್ಟು ವಾಕ್ಯ ಮಾಡಿ ಎನ್ನುವ ಪ್ರಶ್ನೆ ಪ್ರತಿ ವರ್ಷ ಬರುತ್ತಿತ್ತು, ನಾಲ್ಕು ಅಂಕ. ಗೈಡಿನಲ್ಲಿ ಅದಕ್ಕೆ ಸಿದ್ಧ ವಾಕ್ಯಗಳಿದ್ದವು. "ಗೈಡಿನ ರಾಜನೂ ಬೇಡ, ಗೈಡಿನ ಸಿಂಹವೂ ಬೇಡ. ನಿಮ್ಮನೇಲಿ ಸಿಂಹ ಇದೆಯೇನ್ರೋ? ನೀವು ಕಂಡಿದ್ದು, ಮಾಡಿದ್ದು, ತಿಂದಿದ್ದು, ಅದರ ಮೇಲೆ ವಾಕ್ಯ ಮಾಡಿ" ಎನ್ನುವರು.

ದ್ಯಾಮಮ್ಮ ಮೊದಲ ದಿನವೇ ಜಗಳ ತೆಗೆದಿದ್ದಳು. "ಅಲ್ಲ ಮೇಷ್ಟ್ರೆ, ಕನ್ನಡದಲ್ಲಿ ನಾವು ಹೇಳ್ದಂಗೆ ಬರೀತೀವಿ, ಬರ್ದಂಗೆ ಓದ್ತೀವಿ. ಇವ್ರಿಗೇನ್ ಬಂದಿತ್ತು ರೋಗ? ಹಿಟ್ಟಿಗೂ ಫ್ಲವರ್, ಹೂವಿಗೂ ಫ್ಲವರ್!"

"ನಿಮ್ಮ ಅಂಗನವಾಡೀಲಿ ಮಂಜುನಾಥ ಅನ್ನೋ ಮಕ್ಕಳು ಎಷ್ಟಿದಾರೆ?"

"ಮೂರು."

"ಹ್ಯಾಗೆ ಗುರುತು ಹಿಡೀತೀಯ?"

"ಒಬ್ಬನ್ನ ಅವನ ತಂಗಿ ಜೊತೆ ನೋಡಿದ್ರೆ ಗೊತ್ತಾಗುತ್ತೆ. ಇನ್ನೊಬ್ಬ ಯಾವಾಗ್ಲೂ ಪಾತ್ರೆ ಪಕ್ಕ ಇರ್ತಾನೆ."

"ಪದಾನೂ ಅಷ್ಟೇ ಮಾರಾಯ್ತಿ. ಪಕ್ಕದಲ್ಲಿ ಯಾರಿದಾರೆ ನೋಡು."

ಅಲ್ಲಿಂದ ಅವಳಿಗೆ ದಾರಿ ಕಂಡಿತು. ಹಿಟ್ಟಿನ ಪಕ್ಕದಲ್ಲಿ ಪಾತ್ರೆಯಿಟ್ಟಳು, ಹೂವಿನ ಪಕ್ಕದಲ್ಲಿ ಜಡೆಯಿಟ್ಟಳು. ಹಿಟ್ಟಿನ ಫ್ಲವರನ್ನು ದಿನಾ ನಾನು ಬೇಯಿಸುತ್ತೇನೆ, ಹೂವಿನ ಫ್ಲವರನ್ನು ನನಗೆ ಯಾರೂ ಕೊಡುವುದಿಲ್ಲ ಎಂದು ಇಂಗ್ಲಿಷಿನಲ್ಲಿ ವಾಕ್ಯ ಮಾಡಿ ಇಡೀ ಕೋಣೆಯನ್ನು ನಗಿಸಿದಳು. ಎರಡಕ್ಕೂ ಅಕ್ಷರ ಸರಿಯಾಗಿ ಬರೆದಿದ್ದಳು ಕೂಡ.

ಮೇಷ್ಟ್ರದು ಇನ್ನೊಂದು ಪದ್ಧತಿಯಿತ್ತು. ಯಾರಾದರೂ ಒಳ್ಳೆಯ ವಾಕ್ಯ ಹೇಳಿದರೆ, ಚಿಕ್ಕ ಮಕ್ಕಳು ಮಗ್ಗಿ ಹೇಳುವ ಹಾಗೆ, ಎಲ್ಲರೂ ಅದನ್ನು ಒಟ್ಟಿಗೆ ಮೂರು ಸಲ ಗಟ್ಟಿಯಾಗಿ ಹೇಳಬೇಕು. ಒಂದು ಅಕ್ಷರ ಬದಲಾಗುವಂತಿಲ್ಲ. ಕಿವಿಗೆ ಬಿದ್ದದ್ದು ಕೈಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ.

ಒಂದು ಭಾನುವಾರ ಅವರು ಬೋರ್ಡಿನ ಮೇಲೆ ಎರಡು ಸ್ಟೀಲ್ ಬರೆದರು. ಒಂದು ಉಕ್ಕು, ಇನ್ನೊಂದು ಕದಿಯುವುದು. ದ್ಯಾಮಮ್ಮ ಕೂತಲ್ಲಿಂದ ತಟ್ಟನೆ ಎದ್ದಳು. ಅವಳ ಗಂಡ ನಾಗಯ್ಯ ಇಪ್ಪತ್ತು ವರ್ಷ ಗುತ್ತಿಗೆ ಕೂಲಿಯಾಗಿ ಕಬ್ಬಿಣದ ಸರಳು ಹೊತ್ತವನು. ಅವನು ದುಡಿಯುತ್ತಿದ್ದ ಕಡೆ ದಿನಾ ಸಂಜೆ ಗೇಟಿನಲ್ಲಿ ಎರಡೂ ಕೈ ಎತ್ತಿಸಿ ಮೈ ತಡವಿ ನೋಡಿಯೇ ಹೊರಗೆ ಬಿಡುತ್ತಿದ್ದರು. ಇಪ್ಪತ್ತು ವರ್ಷ ತಡವಿದರೂ ಅವರಿಗೆ ಒಂದು ಬೋಲ್ಟು ಸಿಕ್ಕಿರಲಿಲ್ಲ. ಮದುವೆಯಾದ ಹೊಸದರಲ್ಲಿ ಬುತ್ತಿ ಕೊಡಲು ಹೋಗಿದ್ದ ದ್ಯಾಮಮ್ಮ ಅದನ್ನು ಕಣ್ಣಾರೆ ನೋಡಿ, ಮನೆಗೆ ಬಂದು ಅತ್ತಿದ್ದಳು.

"ಮೈ ಹಸ್ಬೆಂಡ್ ಕ್ಯಾರೀಡ್ ಸ್ಟೀಲ್ ಫಾರ್ ಟ್ವೆಂಟಿ ಇಯರ್ಸ್" ಎಂದಳು. ಆಮೇಲೆ, "ಹಿ ಡಿಡ್ ನಾಟ್ ಸ್ಟೀಲ್ ಒನ್ ಬೋಲ್ಟ್" ಎಂದಳು.

ಕೋಣೆಯಲ್ಲಿ ಯಾರೂ ನಗಲಿಲ್ಲ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, "ಎಲ್ಲಾ ಹೇಳಿ" ಎಂದರು.

ಹುಲಿಯಪ್ಪ ಮೆಲ್ಲಗೆ ಕೈ ಎತ್ತಿದ. "ಮೇಷ್ಟ್ರೆ, ನಂಗೆ ಹಸ್ಬೆಂಡ್ ಅಂತ…"

"ಹೇಳೋ ಅಂದ್ರೆ ಹೇಳೋ!"

ಹನ್ನೊಂದು ಗಂಟಲುಗಳೂ ಮೂರು ಸಲ ಕೂಗಿದವು. ಕೋಟೆಯ ದೇವಸ್ಥಾನಕ್ಕೆ ಹೊರಟಿದ್ದವರು ರಸ್ತೆಯಲ್ಲಿ ನಿಂತು ನೋಡಿದರಂತೆ. ದ್ಯಾಮಮ್ಮನಿಗೆ ಅದರಷ್ಟು ಸಂತೋಷ ಬೇರೆ ಯಾವುದರಲ್ಲೂ ಆಗಿರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ನಾಗಯ್ಯನಿಗೆ ವಿಷಯ ತಿಳಿಸಿದಳು. ಅವನು ಮಾತು ಕಡಿಮೆಯ ಮನುಷ್ಯ. "ಇಂಗ್ಲಿಷಲ್ಲಿ ಹೇಳಿದ್ರಾ?" ಎಂದು ಕೇಳಿ, ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಏಪ್ರಿಲಿನಲ್ಲಿ ಪರೀಕ್ಷೆ. ಖಾಸಗಿ ಅಭ್ಯರ್ಥಿಗಳೆಂದು ಹನ್ನೊಂದು ಜನಕ್ಕೂ ಒಂದೇ ಕೋಣೆ ಬಿತ್ತು. ಪ್ರಶ್ನೆಪತ್ರಿಕೆ ತೆಗೆದರೆ, ಆಹಾ, ಅದೇ ಜೋಡಿ! ಉಕ್ಕಿನ ಸ್ಟೀಲ್, ಕದಿಯುವ ಸ್ಟೀಲ್. ದ್ಯಾಮಮ್ಮ ಕಣ್ಣುಮುಚ್ಚಿ ಬರೆದಳು. ಹೊರಗೆ ಬಂದಾಗ ಎಲ್ಲರ ಮುಖದಲ್ಲೂ ಗೆದ್ದ ಕಳೆ. "ಅಕ್ಕಾ, ನಿಮ್ಮ ವಾಕ್ಯಾನೇ ಹಾಕ್ದೆ" ಎಂದಳು ಮಧುಶ್ರೀ. "ನಾನೂ" ಎಂದ ಹುಲಿಯಪ್ಪ. ದ್ಯಾಮಮ್ಮ ಹೆಮ್ಮೆಯಿಂದ ಬೀಗಿದಳು. ಅದರಲ್ಲೇನು ಎಡವಟ್ಟಾಗಿದೆ ಎಂದು ಅಷ್ಟು ಜನರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ ನೋಡಿ.

ಹೊಳೆದದ್ದು ಉತ್ತರ ಪತ್ರಿಕೆ ತಿದ್ದಿದವರಿಗೆ. ಫಲಿತಾಂಶದ ಪಟ್ಟಿಯಲ್ಲಿ ಹನ್ನೊಂದು ನಂಬರುಗಳ ಮುಂದೆಯೂ 'ತಡೆಹಿಡಿಯಲಾಗಿದೆ' ಎಂದಿತ್ತು. ಸಾಮೂಹಿಕ ನಕಲು ನಡೆದ ಅನುಮಾನವಿದೆ, ಜೂನ್ ಹನ್ನೆರಡರಂದು ವಿಚಾರಣೆಗೆ ಬರತಕ್ಕದ್ದು ಎಂದು ಕಾಗದ ಬಂತು. ಹನ್ನೆರಡು ಬುಧವಾರ. ಅರ್ಜಿಗೆ ಕೊನೆಯ ದಿನ ಶನಿವಾರ.

ವಿಚಾರಣೆ ಶಿವಮೊಗ್ಗದ ಒಂದು ಶಾಲೆಯಲ್ಲಿತ್ತು. ಮೇಷ್ಟ್ರನ್ನು ಒಳಗೆ ಬಿಡಲಿಲ್ಲ. ಅವರು ಜಗಲಿಯ ಮೇಲೆ ಮುದುಡಿ ಕೂತಿದ್ದರು. "ನನ್ನದೇ ತಪ್ಪು ದ್ಯಾಮಮ್ಮ. ನಾನೇ ಬಾಯಿಪಾಠ ಮಾಡಿಸಿದ್ದು. ನಿನ್ನ ಕೆಲಸಕ್ಕೆ ಕಲ್ಲು ಹಾಕಿಬಿಟ್ಟೆ."

"ಸುಮ್ನಿರಿ ಮೇಷ್ಟ್ರೆ. ಮಾಡಬಾರದ್ದೇನು ಮಾಡಿದೀವಿ ನಾವು? ಎದೆ ಸೆಟೆಸಿ ಕೂತ್ಕೊಳ್ಳಿ" ಎಂದು ಗದರಿ ಅವಳು ಒಳಗೆ ಹೋದಳು.

ವಿಚಾರಣೆಗೆ ಬಂದಿದ್ದವರು ಜಗದಾಂಬಾ ಎಂಬ ಅಧಿಕಾರಿ. ಮೇಜಿನ ಮೇಲೆ ಹನ್ನೊಂದು ಉತ್ತರ ಪತ್ರಿಕೆಗಳನ್ನು ಸಾಲಾಗಿ ಹರಡಿದ್ದರು.

"ಹುಲಿಯಪ್ಪ ಯಾರು?"

ಬಾಗಿಲಿನಷ್ಟು ಅಗಲದ ಭುಜ, ದಪ್ಪ ಮೀಸೆಯ ಹುಲಿಯಪ್ಪ ಎದ್ದು ನಿಂತ.

"ನಿಮ್ಮ ಗಂಡ ಇಪ್ಪತ್ತು ವರ್ಷ ಉಕ್ಕು ಹೊತ್ತರೇನ್ರಿ?"

"ಇಲ್ಲ ಮೇಡಂ. ನಂಗಿನ್ನೂ ಮದುವೆ ಆಗಿಲ್ಲ."

ಬಾಗಿಲಲ್ಲಿದ್ದ ಜವಾನ ಗೊಳ್ಳೆಂದು ನಕ್ಕ. ಮೇಡಂ ನಗಲಿಲ್ಲ. "ಇಲ್ಲಿ ಐದು ಜನ ಗಂಡಸರು 'ನನ್ನ ಗಂಡ' ಅಂತ ಬರೆದಿದ್ದಾರೆ. ಆರು ಹೆಂಗಸರಿಗೂ ಒಬ್ಬನೇ ಗಂಡ. ಇದು ಕಾಪಿ ಅಲ್ಲದೆ ಇನ್ನೇನು?"

ಎಲ್ಲರೂ ಒಟ್ಟಿಗೆ ಬಾಯಿ ತೆರೆದರು. ಮಗ್ಗಿ ಎಂದರು, ಮೇಷ್ಟ್ರು ಎಂದರು, ಮೂರು ಸಲ ಎಂದರು, ದ್ಯಾಮಮ್ಮ ಅಕ್ಕನ ಗಂಡ ಎಂದರು. ಅಪ್ಪಣೆಯಾದದ್ದು ಹೊರಗೆ ಹೋಗುವುದಕ್ಕೆ. ದ್ಯಾಮಮ್ಮ ಒಬ್ಬಳನ್ನು ಮಾತ್ರ ಉಳಿಸಿಕೊಂಡರು.

"ಕೂತ್ಕೊಳ್ಳಿ" ಎಂದರು ಜಗದಾಂಬಾ, ಈಗ ಸ್ವಲ್ಪ ಮೆತ್ತಗೆ. "ನಿಮ್ಮ ಯಜಮಾನರು ಏನು ಕೆಲಸದಲ್ಲಿದ್ದರು?"

"ಕಬ್ಬಿಣ ಹೊರ್ತಿದ್ರು ಮೇಡಂ."

"ಅಂದ್ರೆ ವಾಕ್ಯ ನಿಮ್ಮದು. ನಿಮ್ಮ ಪೇಪರು ಪೂರ್ತಿ ನೋಡಿದೀನಿ, ನೀವು ಪಾಸಾಗೋ ಹಂಗಿದೆ. ಒಂದು ಮಾತು ಬರೆದುಕೊಡಿ. ಇವರು ನಿಮಗೆ ಗೊತ್ತಿಲ್ಲದೆ ನಿಮ್ಮ ಪೇಪರು ನೋಡಿ ಬರ್ಕೊಂಡ್ರು ಅಂತ. ನಿಮ್ಮ ರಿಸಲ್ಟು ಇವತ್ತೇ ಬಿಡಿಸ್ತೀನಿ. ಅವರನ್ನ ಎರಡು ವರ್ಷ ಪರೀಕ್ಷೆ ಬಿಡಿಸಿ ಮನೇಲಿ ಕೂರಿಸ್ತೀವಿ, ಅಷ್ಟೇ."

ಬಿಳಿ ಹಾಳೆಯೊಂದು ಅವಳ ಮುಂದೆ ಬಂತು. ಸುಳ್ಳೇಕೆ, ದ್ಯಾಮಮ್ಮನ ಕೈ ಪೆನ್ನಿನವರೆಗೂ ಹೋಯಿತು. ಹದಿನೆಂಟು ವರ್ಷ ಬೇರೆಯವರ ಸಹಿಗಾಗಿ ರಿಜಿಸ್ಟರು ಹಿಡಿದು ನಿಂತವಳು. ಒಂದು ಸಾಲು ಬರೆದರೆ ಮುಗಿಯಿತು, ಶನಿವಾರ ಅರ್ಜಿ ಕೊಡಬಹುದು. ಇನ್ನು ಎರಡು ವರ್ಷಕ್ಕೆ ಮಧುಶ್ರೀಯೇನು ಮುದುಕಿಯಾಗಿಬಿಡುತ್ತಾಳೆಯೇ? ಹುಲಿಯಪ್ಪನ ಭುಜ ಎರಡು ವರ್ಷಕ್ಕೆ ಸವೆದುಹೋಗುತ್ತದೆಯೇ? ಇವೆಲ್ಲ ಒಂದು ಗಳಿಗೆ ಅವಳ ಮನಸ್ಸಿನಲ್ಲಿ ಸುಳಿದವು. ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು. ಮಾಡದ ಕಳ್ಳತನಕ್ಕೆ ಗೇಟಿನಲ್ಲಿ ಕೈ ಎತ್ತಿ ನಿಲ್ಲುವವರ ಪಾಡು ಅವಳಿಗೆ ಗೊತ್ತಿತ್ತು.

ಹಾಳೆಯನ್ನು ವಾಪಸು ತಳ್ಳಿದಳು. "ಆಗಲ್ಲ ಮೇಡಂ. ಅವ್ರು ಕದ್ದಿದ್ದಲ್ಲ, ನಾನು ಕೊಟ್ಟಿದ್ದು. ಮಾರ್ಚ್ ತಿಂಗಳಲ್ಲಿ, ತುಂಬಿದ ಕ್ಲಾಸಲ್ಲಿ. ಅವ್ರು ದಡ್ಡತನ ಮಾಡಿದಾರೆ, ಹೌದು. 'ನನ್ನ ಗಂಡ' ಅಂತ ಬರೆಯೋವಾಗ ಮೀಸೆ ಮುಟ್ಟಿ ನೋಡ್ಕೋಬೇಕಿತ್ತು. ದಡ್ಡತನಕ್ಕೆ ಎರಡು ವರ್ಷ ಶಿಕ್ಷೆ ಯಾವ ಊರಲ್ಲಿದೆ?"

"ನಂಬೋದು ಹೇಗೆ?"

"ಬೇರೆ ಜೋಡಿ ಕೊಡಿ. ನಿಮಗೆ ತೋಚಿದ್ದು. ಒಬ್ಬೊಬ್ಬರನ್ನೇ ಕರೆದು ನಿಮ್ಮ ಎದುರಿಗೇ ವಾಕ್ಯ ಬರೆಸಿ. ಹತ್ತರಲ್ಲಿ ಒಬ್ಬರು ತಪ್ಪಿದ್ರೂ ನನ್ನ ರಿಸಲ್ಟು ನಂಗೆ ಬೇಡ. ನನ್ನನ್ನೂ ಕೂರಿಸಿ."

"ಯೋಚನೆ ಮಾಡಿ ಹೇಳಿ. ಕೊನೇ ಚಾನ್ಸು ಅಂತ ನಮ್ಮ ಕಾಗದಕ್ಕೆ ಕೊಟ್ಟ ಉತ್ತರದಲ್ಲಿ ನೀವೇ ಬರೆದಿದೀರ."

"ಯೋಚನೆ ಮಾಡಿಯೇ ಹೇಳ್ತಿದೀನಿ."

ಜಗದಾಂಬಾ ಆ ಬಿಳಿ ಹಾಳೆಯನ್ನು ಫೈಲಿನೊಳಗೆ ಸೇರಿಸಿದರು. ಆಮೇಲೆ ಮೂಲೆಯ ಬೆಂಚು ತೋರಿಸಿ, "ಅಲ್ಲಿ ಕೂತಿರಿ. ತುಟಿ ಪಿಟಕ್ ಅನ್ನಬಾರದು" ಎಂದರು.

ಮೊದಲು ಮಧುಶ್ರೀ ಬಂದಳು. ಅವಳಿಗೆ ಸಿಕ್ಕಿದ್ದು ಎರಡು ಸೋ, ಒಂದು ಹೊಲಿಯುವುದು, ಒಂದು ಬಿತ್ತುವುದು. ಕಣ್ಣು ಮಿಟುಕಿಸುವಷ್ಟರಲ್ಲಿ, ನಾನು ರವಿಕೆ ಹೊಲಿಯುತ್ತೇನೆ, ನಮ್ಮಪ್ಪ ಹೊಳೆಹೊನ್ನೂರಿನಲ್ಲಿ ಭತ್ತ ಬಿತ್ತುತ್ತಾನೆ ಎಂದು ಇಂಗ್ಲಿಷಿನಲ್ಲಿ ಬೋರ್ಡಿನ ಮೇಲೆ ಬರೆದಿಟ್ಟಳು. ಎರಡೂ ಸೋಗಳು ತಮ್ಮ ತಮ್ಮ ಅಕ್ಷರದಲ್ಲಿ ನೆಟ್ಟಗಿದ್ದವು. ಅವಳ ಹಿಂದೆ ಒಬ್ಬೊಬ್ಬರಾಗಿ ಬಂದರು. ಹೋಟೆಲಿನವನು ಮಾಂಸದ ಮೀಟ್ ಬೇಯಿಸಿ ಗೆಳೆಯನನ್ನು ಭೇಟಿಯಾದ. ಬಾಣಂತಿ ಹೆಂಗಸೊಬ್ಬಳು ಒಂದು ಸನ್ ಆದ ಮಗನನ್ನು ಇನ್ನೊಂದು ಸನ್ ಆದ ಬಿಸಿಲಿಗೆ ಮಲಗಿಸಿದಳು. ವ್ಯಾಕರಣ ಅಲ್ಲಲ್ಲಿ ಕುಂಟಿತು, ಪದಗಳು ಕುಂಟಲಿಲ್ಲ. ಒಬ್ಬರ ವಾಕ್ಯದ ಹಾಗೆ ಇನ್ನೊಬ್ಬರದಿಲ್ಲ. ದ್ಯಾಮಮ್ಮ ಬೆಂಚಿನ ಮೇಲೆ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಒಂಬತ್ತು ಆಯಿತು.

ಹತ್ತನೆಯವನು ಹುಲಿಯಪ್ಪ.

ಅವನನ್ನು ಕಂಡೊಡನೆ ದ್ಯಾಮಮ್ಮ ಬೆಂಚಿನ ಅಂಚಿಗೆ ಸರಿದು ಕೂತಳು. ಕ್ಲಾಸಿನಲ್ಲಿ ಅವನು ತಾನಾಗಿ ಒಂದು ವಾಕ್ಯ ಹೇಳಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರ ಜೊತೆ ಕೂಗು ಎಂದರೆ ಕೂಗುವನು, ಒಬ್ಬನೇ ಎದ್ದು ನಿಲ್ಲು ಎಂದರೆ ನಾಲಿಗೆ ಒಣಗುವುದು. ಪಂಥ ಕಟ್ಟುವಾಗ ಇವನ ನೆನಪು ಹೇಗೆ ತಪ್ಪಿತು ಎಂದು ಅವಳು ಒಳಗೊಳಗೇ ತನಗೆ ತಾನೇ ಬೈದುಕೊಂಡಳು.

ಜಗದಾಂಬಾ ಎರಡು ವೇಟ್ ಕೊಟ್ಟರು. ಒಂದು ಭಾರ, ಒಂದು ಕಾಯುವುದು.

ಹುಲಿಯಪ್ಪ ಸೀಮೆಸುಣ್ಣ ಹಿಡಿದು ಬೋರ್ಡಿನ ಮುಂದೆ ನಿಂತ. ನಿಂತೇ ಇದ್ದ. ಸೀಮೆಸುಣ್ಣ ಬೆರಳುಗಳ ನಡುವೆ ಮುರಿಯಿತು. ಜವಾನ ಇನ್ನೊಂದು ತಂದುಕೊಟ್ಟ. ದ್ಯಾಮಮ್ಮ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಳು, ಇಲ್ಲದಿದ್ದರೆ ಅವಳ ಬಾಯಿ ತಡೆಯುತ್ತಿರಲಿಲ್ಲ.

"ಬರೋದಿಲ್ಲ ಅಂದ್ರೆ ಹೋಗಬಹುದು" ಎಂದರು ಮೇಡಂ.

ಹುಲಿಯಪ್ಪ ತಿರುಗಿ ದ್ಯಾಮಮ್ಮನ ಕಡೆ ಒಮ್ಮೆ ನೋಡಿದ. ಆಮೇಲೆ ಬೋರ್ಡಿಗೆ ಮುಖ ಮಾಡಿ ಬರೆಯತೊಡಗಿದ. ಒಂದೊಂದು ಅಕ್ಷರವನ್ನೂ ಮೂಟೆ ಇಳಿಸಿದ ಹಾಗೆ ಇಳಿಸಿದ. ಬರೆದು ಮುಗಿಸಿ, ಯಾರೂ ಕೇಳದಿದ್ದರೂ ಗಟ್ಟಿಯಾಗಿ ಓದಿದ.

"ಐ ಕ್ಯಾರಿ ಫಿಫ್ಟಿ ಕಿಲೋ ವೇಟ್. ಎವೆರಿ ಸಂಡೇ ಐ ಆಮ್ ಲೇಟ್, ಬಟ್ ದ್ಯಾಮಮ್ಮ ಅಕ್ಕ ವೇಟ್ ಫಾರ್ ಮಿ."

ಭಾರ ಭಾರದ ಜಾಗದಲ್ಲಿತ್ತು, ಕಾಯುವುದು ಕಾಯುವ ಜಾಗದಲ್ಲಿತ್ತು.

"ಇದೇನಿದು, ಇವರು ಕಾಯೋದು?" ಎಂದು ಜಗದಾಂಬಾ ಕೇಳಿದರು.

ಇಡೀ ವರ್ಷದಲ್ಲಿ ಆಡದಷ್ಟು ಮಾತನ್ನು ಹುಲಿಯಪ್ಪ ಆಗ ಆಡಿದ. "ಭಾನುವಾರ ಬೆಳಿಗ್ಗೆ ದಾವಣಗೆರೆ ಲಾರಿ ಬರುತ್ತೆ ಮೇಡಂ. ಇಳಿಸಿ ಬರೋ ಹೊತ್ತಿಗೆ ಹತ್ತೂವರೆ. ಕ್ಲಾಸು ಹತ್ತಕ್ಕೆ. ಮೇಷ್ಟ್ರು ಟೈಮಂದ್ರೆ ಟೈಮು. ಅಕ್ಕ ವಾರ ವಾರ ಅವರ ಜೊತೆ ಜಗಳ ಆಡಿ, ನಾನು ಬಂದ ಮೇಲೇ ಬೋರ್ಡ್ ಮೇಲೆ ಬರೆಸ್ತಿದ್ರು. ನಂಗೆ ಯಾರೂ ಹೇಳಿರಲಿಲ್ಲ. ಒಂದಿನ ಬಾಗಿಲ ಹೊರಗೆ ನಿಂತು ಕೇಳಿಸ್ಕೊಂಡೆ."

ದ್ಯಾಮಮ್ಮ ಆರು ಸಲ ಫೇಲಾದಾಗಲೂ ಜನರ ಮುಂದೆ ಅತ್ತವಳಲ್ಲ. ಅವತ್ತು ಆ ಬೆಂಚಿನ ಮೇಲೆ ಗೊಳೋ ಎಂದು ಅತ್ತಳು. ಜವಾನ ನೀರು ತಂದುಕೊಟ್ಟ. ಜಗದಾಂಬಾ ಬಹಳ ಹೊತ್ತು ತಲೆ ಎತ್ತದೆ ಬರೆದರು, ನಂತರ ಬಾಗಿಲಿಗೆ ಬಂದು ಜಗಲಿಯ ಮೇಲಿದ್ದ ಮೇಷ್ಟ್ರಿಗೆ ಕೈ ಮುಗಿದು, "ಒಂದೇ ಒಂದು ವಾಕ್ಯ ಹನ್ನೊಂದು ಜನಕ್ಕೆ ಕಲಿಸಬೇಡಿ ಸರ್, ನಮಗೆ ಕಷ್ಟ ಆಗುತ್ತೆ" ಎಂದರು.

ಶುಕ್ರವಾರ ಮಧ್ಯಾಹ್ನ ಬೆಂಗಳೂರಿನಿಂದ ಫ್ಯಾಕ್ಸು ಬಂತು, ಸಂಜೆಗೆ ಶಿವಮೊಗ್ಗದ ಕಚೇರಿಯಲ್ಲೇ ಅಂಕಪಟ್ಟಿಯೂ ಸಿಕ್ಕಿತು. ದ್ಯಾಮಮ್ಮ ಪಾಸು, ನಲವತ್ತೊಂದು ಅಂಕ. ಒಟ್ಟು ಒಂಬತ್ತು ಜನ ಪಾಸಾಗಿದ್ದರು. ಹುಲಿಯಪ್ಪನಿಗೆ ಪಾಸಾಗಲು ಮೂರು ಅಂಕ ಕಡಿಮೆ ಬಿದ್ದಿತ್ತು.

ಶನಿವಾರ ಅವಳು ನಾಗಯ್ಯನ ಸೈಕಲ್ಲಿನ ಹಿಂದೆ ಕೂತುಹೋಗಿ ಅರ್ಜಿ ಕೊಟ್ಟಳು. ಮೇಲ್ವಿಚಾರಕಿ ಅಂಕಪಟ್ಟಿಯನ್ನು ಎರಡೆರಡು ಸಲ ತಿರುಗಿಸಿ ನೋಡಿದಳು. "ನೋಡಿ, ನೋಡಿ, ಅಸಲಿದೇ" ಎಂದಳು ದ್ಯಾಮಮ್ಮ. ಆಗಸ್ಟಿನಲ್ಲಿ ಆದೇಶ ಬಂದು ಅವಳು ಕಾರ್ಯಕರ್ತೆಯಾದಳು, ರಿಜಿಸ್ಟರಿಗೆ ಇಷ್ಟಗಲ ಸಹಿ ಹಾಕಿದಳು. ಅದು ಆಮೇಲಿನ ಮಾತು.

ಅರ್ಜಿ ಕೊಟ್ಟ ಮರುದಿನ ಭಾನುವಾರ. ಬೆಳಿಗ್ಗೆ ದ್ಯಾಮಮ್ಮ ಎಂದಿನ ಬಸ್ಸು ಹತ್ತಿ ಕೋಟೆಗೆ ಬಂದಳು. ಕೋಣೆಯಲ್ಲಿ ಹೊಸದಾಗಿ ಸೇರಿದ ನಾಲ್ಕೈದು ಜನ ಫೇಲಾದವರಿದ್ದರು. ಅವಳು ಹೋಗಿ ಮುಂದಿನ ಚಾಪೆಯ ಮೇಲೆ ಕೂತಳು. ಮೇಷ್ಟ್ರು ಸೀಮೆಸುಣ್ಣ ಹಿಡಿದವರು ಹಾಗೇ ನಿಂತರು.

"ಏನಮ್ಮಾ, ಪಾಸಾದವರಿಗೆ ಇಲ್ಲಿ ಜಾಗ ಇಲ್ಲ. ನೀನ್ಯಾಕೆ ಬಂದೆ?"

ದ್ಯಾಮಮ್ಮ ಗೋಡೆಯ ಗಡಿಯಾರ ನೋಡಿದಳು. ಹತ್ತು ಗಂಟೆ ಐದು ನಿಮಿಷ.

"ಲಾರಿ ಇನ್ನೂ ಖಾಲಿ ಆಗಿರಲ್ಲ ಮೇಷ್ಟ್ರೆ. ಬೋರ್ಡ್ ಮೇಲೆ ಬರೀಬೇಡಿ, ಹುಲಿಯಪ್ಪ ಬರ್ಲಿ."